ಶುಕ್ರವಾರದ ಜ್ವರ

ಕೊರೊನಾ ಗಲಾಟೆ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ್ದ ಎರಡನೆಯ ವರ್ಷ. ಆಗ ನಾನು ಹೊನ್ನಾಳಿಯಲ್ಲಿ ಮೀಡಿಯೇಟರ್, ಅಂದರೆ ನ್ಯಾಯಾಲಯ ಒಪ್ಪಿಸಿದ ವ್ಯಾಜ್ಯಗಳಲ್ಲಿ ರಾಜಿ ಮಾಡಿಸಲು ಕೂರುವ ಮಧ್ಯಸ್ಥಗಾರ್ತಿ. ಹುಟ್ಟಿ ಬೆಳೆದದ್ದು ಜಗಳೂರು. ಕರಿಕೋಟು ಹಾಕಿಕೊಂಡು ವಕೀಲಿಕೆ ಮಾಡಿದ್ದೆಲ್ಲ ಚನ್ನಗಿರಿ. ವಾರಕ್ಕೆರಡು ದಿನ ಚನ್ನಗಿರಿಯಿಂದ ಬಸ್ಸು ಹಿಡಿದು ಹೊನ್ನಾಳಿಗೆ ಬರುತ್ತಿದ್ದೆ. "ಜಗಳೂರಿನವ್ರು ಜಗಳ ಬಿಡಿಸಾಕೆ ಬಂದ್ರು" ಎಂದು ಅಲ್ಲಿನ ಗುಮಾಸ್ತರು ನಗುತ್ತಿದ್ದರು. ನಗಲಿ ಬಿಡಿ. ನನ್ನ ಮುಂದೆ ಬಂದು ಕೂತ ಜಗಳಗಳಲ್ಲಿ ಬಹಳಷ್ಟನ್ನು ಬಿಡಿಸಿಯೇ ಕಳಿಸಿದ್ದೇನೆ. ಹಾಗೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಮಧ್ಯಸ್ಥಿಕೆ ಎಂದರೆ ಊರ ಪಂಚಾಯಿತಿಯಲ್ಲ. ಮೀಡಿಯೇಟರ್ ತೀರ್ಪು ಕೊಡುವುದಿಲ್ಲ, ತಪ್ಪು ಯಾರದು ಎಂದು ಹೇಳುವುದಿಲ್ಲ. ಎರಡೂ ಕಡೆಯವರನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಬೇಕಾದರೆ ಬೇರೆ ಬೇರೆಯಾಗಿ ಮಾತಾಡಿಸಿ, ಅವರ ಬಾಯಿಂದಲೇ ಪರಿಹಾರ ಹೊರಡುವಂತೆ ಮಾಡಬೇಕು. ಹೊರಟರೆ ಅದನ್ನು ಬರೆದು, ಸಹಿ ಹಾಕಿಸಿ, ನ್ಯಾಯಾಧೀಶರ ಮುಂದಿಡಬೇಕು. ಹೊರಡದಿದ್ದರೆ ಕೇಸು ಬಂದ ದಾರಿಯಲ್ಲೇ ವಾಪಸು. ಒಳಗೆ ಆಡಿದ ಮಾತು ಹೊರಗೆ ಹೋಗುವಂತಿಲ್ಲ. ಹಾಗಾಗಿ ಇಲ್ಲಿ ಹೆಸರು, ಕಸುಬು ಎಲ್ಲವನ್ನೂ ಬದಲಿಸಿದ್ದೇನೆ. ಎರಡೂ ಮನೆಯವರನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ.

ಮಂಜುನಾಥನಿಗೆ ಹೊನ್ನಾಳಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅವನ ಹೆಂಡತಿ ಸವಿತಾ ನರ್ಸು. ನ್ಯಾಮತಿ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸ. ಕುಡಿತವಿಲ್ಲ, ಹೊಡೆತವಿಲ್ಲ, ನಡುವೆ ಮೂರನೆಯವರ ಸುದ್ದಿಯೂ ಇಲ್ಲ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಸಾಕಾಗಿಹೋಗಿತ್ತು, ಅಷ್ಟೇ. ಇಬ್ಬರೂ ಒಪ್ಪಿಯೇ ವಿಚ್ಛೇದನ ಪಡೆದರು. ಸವಿತಾ ಗೋವಿನಕೋವಿಯ ತವರುಮನೆಗೆ, ತನ್ನ ತಾಯಿ ಗಂಗಮ್ಮನ ಹತ್ತಿರ ಹೋದಳು. ಮಂಜುನಾಥ ಹೊನ್ನಾಳಿಯಲ್ಲೇ ತನ್ನ ತಾಯಿ ಕೊಟ್ರಮ್ಮನ ಜೊತೆ ಉಳಿದ. ಮಕ್ಕಳಿಬ್ಬರು. ಮಗಳು ಅನುಷಾ ಹತ್ತನೇ ಕ್ಲಾಸು, ಮಗ ಚೇತನ್ ಎಂಟನೇ ಕ್ಲಾಸು. ಇಬ್ಬರೂ ಓದುತ್ತಿದ್ದದ್ದು ಹೊನ್ನಾಳಿಯ ಒಂದೇ ಶಾಲೆಯಲ್ಲಿ.

ವಿಚ್ಛೇದನದ ಹೊತ್ತಿಗೆ ನ್ಯಾಯಾಧೀಶರು ಮಕ್ಕಳನ್ನು ಕರೆದು, ಯಾರ ಹತ್ತಿರ ಇರುತ್ತೀರಿ ಎಂದು ಕೇಳಿದ್ದರು. ಇಬ್ಬರೂ ಇಬ್ಬರ ಹತ್ತಿರವೂ ಎಂದರು. ಹಾಗೆ ಬಂದದ್ದು ಜಂಟಿ ಪಾಲನೆ: ಮಕ್ಕಳು ಒಂದು ವಾರ ಅಪ್ಪನ ಮನೆ, ಒಂದು ವಾರ ಅಮ್ಮನ ಮನೆ. ನಮ್ಮ ಕಡೆ ಇದು ಹೊಸದು. ಇಲ್ಲಿ ಸಾಮಾನ್ಯವಾಗಿ ಮಕ್ಕಳು ಒಬ್ಬರ ಹತ್ತಿರ ಇರುತ್ತಾರೆ, ಇನ್ನೊಬ್ಬರು ಬಿಸ್ಕತ್ತು ಪೊಟ್ಟಣ ಹಿಡಿದು ಭಾನುವಾರ ಬಂದು ನೋಡಿಕೊಂಡು ಹೋಗುತ್ತಾರೆ. ಎರಡೂ ಕಡೆಯ ವಕೀಲರು ಸೇರಿ ಬೆಂಗಳೂರಿನಲ್ಲಿ ಓಡಾಡುವ ಒಂದು ಒಪ್ಪಂದದ ನಮೂನೆ ತರಿಸಿ, ಹೆಸರು ತಿದ್ದಿ ಹಾಕಿದರು. ಅದರಲ್ಲಿದ್ದ ಒಂದು ಷರತ್ತು: ಮನೆ ಬದಲಾಗುವುದು ಪ್ರತಿ ಶುಕ್ರವಾರ. ಬೆಳಿಗ್ಗೆ ಒಂದು ಮನೆಯಿಂದ ಬಟ್ಟೆಯ ಬ್ಯಾಗಿನ ಸಮೇತ ಶಾಲೆಗೆ ಹೋದ ಮಕ್ಕಳು ಸಂಜೆ ಇನ್ನೊಂದು ಮನೆಗೆ ಹೋಗಬೇಕು. ಗಂಡ ಹೆಂಡತಿ ಎದುರುಬದುರಾಗುವ ಪ್ರಸಂಗವೇ ಇಲ್ಲ. ಎದುರಾದರೆ ಇಬ್ಬರೂ ಬೀದಿಯಲ್ಲೇ ಶುರು ಮಾಡುತ್ತಿದ್ದರು, ಅದಕ್ಕೆ. ಕಾಗದದ ಮೇಲೆ ನೋಡಿದರೆ ಎಂಥ ಚೆಂದದ ವ್ಯವಸ್ಥೆ!

ನನ್ನ ಬಳಿ ಬಂದಾಗ ಅದು ಹರಿದು ಚಿಂದಿಯಾಗಿತ್ತು. ಅನುಷಾ ಯಾವ ಶುಕ್ರವಾರವೂ ಹೊರಡುತ್ತಿರಲಿಲ್ಲ. ಗೋವಿನಕೋವಿಯಿಂದ ಬರಬೇಕಾದ ವಾರ ಜ್ವರ ಎಂದು ಫೋನು. ಹೊನ್ನಾಳಿಯಿಂದ ಹೋಗಬೇಕಾದ ವಾರ ಟ್ಯೂಷನ್ ಎಂದು ಫೋನು. ಶಾಲೆಗೂ ಹೋಗದೆ ಶುಕ್ರವಾರ ಮನೆಯಲ್ಲೇ ಉಳಿದು, ಶನಿವಾರ ತಮ್ಮನ ಹಿಂದೆ ಒಬ್ಬಳೇ ಬರುತ್ತಿದ್ದಳು. ತಡವಾದದ್ದು ಒಂದೇ ದಿನ ನಿಜ. ಆದರೆ ನಂಬಿಕೆ ಸತ್ತ ಮನೆಗಳಲ್ಲಿ ಒಂದು ದಿನವೆಂದರೆ ಸಣ್ಣ ಮಾತಲ್ಲ. ಇವತ್ತು ಒಂದು ದಿನ ತಡೆದವರು ನಾಳೆ ಪೂರ್ತಿ ತಡೆಯುತ್ತಾರೆ ಎಂದು ಇಬ್ಬರೂ ಹಲ್ಲು ಕಡಿಯುತ್ತಿದ್ದರು. ಹತ್ತನೇ ಕ್ಲಾಸಿನ ಹುಡುಗಿ ಹೀಗೆ ವಾರ ವಾರ ಶಾಲೆ ತಪ್ಪಿಸಿದರೆ ಹೇಗೆ ಎಂದು ಶಾಲೆಯವರೂ ಹೇಳಿ ಕಳಿಸಿದ್ದರು.

ಒಂದು ಶುಕ್ರವಾರ ಅದು ಸ್ಫೋಟಿಸಿತು. ಅಂದು ಗೋವಿನಕೋವಿಯಲ್ಲಿ ಅನುಷಾಳಿಗೆ ಎಂದಿನಂತೆ 'ಜ್ವರ'. ಚೇತನ್ ಒಬ್ಬನೇ ಬಟ್ಟೆಯ ಬ್ಯಾಗು ಹೊತ್ತು ಶಾಲೆಗೆ ಬಂದ. ಸಂಜೆ ನಡೆದು ಹೋದರೆ ಅಪ್ಪನ ಮನೆ. ಅವನು ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ, ಗೋವಿನಕೋವಿಯ ಬಸ್ಸು ಹತ್ತಿ, ಅಕ್ಕನ ಹತ್ತಿರ ವಾಪಸು ಬಂದುಬಿಟ್ಟ. ಇತ್ತ ಮಂಜುನಾಥನಿಗೆ ಮಗಳೂ ಇಲ್ಲ, ಮಗನೂ ಇಲ್ಲ. ಸವಿತಾ ಡ್ಯೂಟಿಯಲ್ಲಿದ್ದಳು, ಫೋನು ಎತ್ತಲಿಲ್ಲ. ಅವನು ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಬೈಕಿನಲ್ಲಿ ಗೋವಿನಕೋವಿಗೆ ನುಗ್ಗಿದ. ಓಣಿಯ ಜನವೆಲ್ಲ ಸೇರಿತು. ಅಪ್ಪ ಒಂದು ಕೈ ಎಳೆದರೆ, ಹುಡುಗ ಇನ್ನೊಂದು ಕೈಯಲ್ಲಿ ಅಕ್ಕನನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದನಂತೆ. ಮಾರನೆಯ ದಿನವೇ ಒಬ್ಬರ ಮೇಲೊಬ್ಬರು ಒಪ್ಪಂದ ಮುರಿದ ಅರ್ಜಿ ಹಾಕಿದರು. ನ್ಯಾಯಾಧೀಶರು ಎರಡನ್ನೂ ಓದಿ, ಕೊನೆಯ ಪ್ರಯತ್ನವಾಗಿ ನನ್ನ ಮೇಜಿಗೆ ಕಳಿಸಿದರು.

ಮೊದಲ ಬೈಠಕ್ಕಿನಲ್ಲಿ ಇಬ್ಬರೂ ಬಾಯಿ ಬಿಟ್ಟಿದ್ದೇ ತಡ, ಮಳೆಗಾಲದ ಹೊಳೆ. "ಬೇಕಂತಲೇ ಮಾಡ್ತಾಳ್ರಿ ಮೇಡಂ, ಶುಕ್ರವಾರನೇ ಜ್ವರ ಬರಾಕೆ ಅದೇನು ಕ್ಯಾಲೆಂಡರ್ ನೋಡ್ಕಂಡು ಬರ್ತೈತಾ?" ಎಂದು ಅವನು. "ಇವ್ರ ಟ್ಯೂಷನ್ ಮೇಷ್ಟ್ರು ಶುಕ್ರವಾರ ಬಿಟ್ರೆ ಬೇರೆ ದಿನ ಪಾಠನೇ ಮಾಡಲ್ವಾ?" ಎಂದು ಅವಳು. ನಾನು ಸುಮ್ಮನೆ ಬಿಟ್ಟೆ. ಕುಕ್ಕರಿನ ಹಬೆ ಪೂರ್ತಿ ಹೋಗುವ ತನಕ ಮುಚ್ಚಳಕ್ಕೆ ಕೈ ಹಾಕಬಾರದು ಎಂಬುದು ನನ್ನ ಪದ್ಧತಿ.

ಹಬೆ ಇಳಿದ ಮೇಲೆ ಹೊರಬಿದ್ದದ್ದು ಇನ್ನೂ ಕೆಟ್ಟದ್ದು. ಎರಡೂ ಕಡೆಯ ಹಿರಿಯರು ಆಗಲೇ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬಂದಿದ್ದರು. ಹೆಣ್ಣುಹುಡುಗಿ ತಾಯಿಗೆ, ಗಂಡುಹುಡುಗ ತಂದೆಗೆ. ಚೇತನ್‌ಗೆ ಹೊನ್ನಾಳಿ, ಅನುಷಾಗೆ ಗೋವಿನಕೋವಿ, ಓಡಾಟವೇ ಬೇಡ. ಅನುಷಾಳನ್ನು ನ್ಯಾಮತಿಯ ಶಾಲೆಗೆ ಸೇರಿಸುವ ಮಾತೂ ಆಗಿತ್ತು. ವಿಚ್ಛೇದನ ಬಿಟ್ಟರೆ ಮೂರು ವರ್ಷದಿಂದ ಬೇರೆ ಯಾವುದಕ್ಕೂ ಒಪ್ಪದ ಗಂಡ ಹೆಂಡತಿ ಇದೊಂದಕ್ಕೆ ಒಪ್ಪಿದ್ದರು. ಮಂಜುನಾಥನ ವಕೀಲ, ನನ್ನ ಚನ್ನಗಿರಿಯ ಹಳೆಯ ಸಹೋದ್ಯೋಗಿ, ಕಾಗದವನ್ನು ಬರೆದುಕೊಂಡೇ ಬಂದಿದ್ದರು. "ಮೇಡಂ, ಎರಡೂ ಕಡೆ ಸಮಾಧಾನ ಆಗೈತೆ. ಸಹಿ ಹಾಕಿಸಿಬಿಡ್ರಿ, ನಿಮಗೂ ಒಂದು ಕೇಸು ಮುಗೀತದೆ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಹೊಲದ ಪಾಲು ಮಾಡಾಕೆ ಬಂದಿದೀರೇನ್ರಿ? ಈ ಬದುವಿಂದ ಆಚೆ ನಿನಗೆ, ಈಚೆ ನನಗೆ ಅನ್ನಾಕೆ?" ಎಂದೆ. ಮೀಡಿಯೇಟರ್ ಹೀಗೆ ಮಾತಾಡಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಇರಲಿ. ಮಕ್ಕಳನ್ನು ಮಾತಾಡಿಸದೆ ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ ಎಂದು ಹೇಳಿ ಎಲ್ಲರನ್ನೂ ಎಬ್ಬಿಸಿ ಕಳಿಸಿದೆ. ಅಪ್ಪ ಅಮ್ಮ ಬೇರೆಯಾದ ಮೇಲೆ ಆ ಮಕ್ಕಳಿಗೆ ಹಿಂದಿನ ಮನೆಯಿಂದ ಪೂರ್ತಿಯಾಗಿ ಉಳಿದಿದ್ದದ್ದು ಒಂದೇ: ಅಕ್ಕನಿಗೆ ತಮ್ಮ, ತಮ್ಮನಿಗೆ ಅಕ್ಕ. ಅದನ್ನೂ ಒಂದು ಸಹಿಯಲ್ಲಿ ಕತ್ತರಿಸಲು ಹೊರಟಿದ್ದರು.

ಮಕ್ಕಳು ಮುಂದಿನ ವಾರ ಶಾಲೆ ಬಿಟ್ಟ ಮೇಲೆ ಬಂದರು. ಅಪ್ಪ ಅಮ್ಮ ಹೊರಗಿನ ಬೆಂಚಿನಲ್ಲಿ, ಬೆಂಚಿನ ಎರಡು ತುದಿಯಲ್ಲಿ. ಅನುಷಾ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದ, ಮಾತು ತೂಗಿ ಆಡುವ ಹುಡುಗಿ. ಚೇತನ್ ಕುರ್ಚಿಯಲ್ಲಿ ಕೂತವನು ಕಾಲಿನ ನಡುವೆ ತನ್ನ ನೀಲಿ ಬ್ಯಾಗನ್ನು ಇಟ್ಟುಕೊಂಡಿದ್ದ. ಅಂದು ಶುಕ್ರವಾರವೇನೂ ಆಗಿರಲಿಲ್ಲ. ಯಾಕಪ್ಪಾ ತಂದಿದೀಯಾ ಎಂದು ಕೇಳಿದೆ.

"ಯಾವಾಗ ಯಾವ ಕಡೆಗೆ ಹೋಗು ಅಂತಾರೋ ಗೊತ್ತಾಗಲ್ಲ ಮೇಡಂ. ಅದಕ್ಕೆ ಬಟ್ಟೆ ತೆಗೆದು ಇಡೋದೇ ಇಲ್ಲ. ಇದ್ರಿಂದ್ಲೇ ತೆಗೀತೀನಿ, ಇದ್ರಲ್ಲೇ ತುರುಕ್ತೀನಿ."

ಎರಡೂ ಮನೆಯಲ್ಲೂ ಹಾಗೆಯೇ. ಹುಡುಗ ತಿಂಗಳುಗಟ್ಟಲೆ ಒಂದು ಜಿಪ್ಪಿನೊಳಗೆ ಸಂಸಾರ ಮಾಡುತ್ತಿದ್ದ.

ಅಕ್ಕನಿಗೆ ಶುಕ್ರವಾರ ಏನಾಗುತ್ತದೆ ಎಂದು ಕೇಳಿದೆ. ಅನುಷಾ ತಲೆ ತಗ್ಗಿಸಿದಳು. ಚೇತನ್ ಮಾತ್ರ ಪಟ್ಟನೆ ಹೇಳಿದ: "ಎರಡೂ ಮನೇಲಿ ಶುಕ್ರವಾರ ಬಂತಂದ್ರೆ ಅಕ್ಕನ್ನೇ ತಡೀತಾರೆ ಮೇಡಂ. ನನ್ನ ಯಾರೂ ತಡಿಯಲ್ಲ. ನಂಗೆ ಒಂದ್ಸಲನೂ ಜ್ವರ ಬಂದಿಲ್ಲ."

"ಲೇ, ಸುಮ್ನಿರೋ" ಎಂದು ಅಕ್ಕ ಅವನ ತೊಡೆಗೆ ಚಿವುಟಿದಳು. ಆ ಚಿವುಟಿನಲ್ಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಹುಡುಗಿ ಯಾರನ್ನೋ ಕಾಪಾಡುತ್ತಿದ್ದಾಳೆ. ಅಪ್ಪನನ್ನಲ್ಲ, ಅಮ್ಮನನ್ನಲ್ಲ. ಹುಡುಗನನ್ನು ಬಿಟ್ಟು ಹುಡುಗಿಯನ್ನು ಮಾತ್ರ, ಅದೂ ಶುಕ್ರವಾರ ಮಾತ್ರ, ಯಾರು ತಡೆಯುತ್ತಾರೆ? ನಾನೂ ಜಗಳೂರಿನ ಮನೆಯಲ್ಲಿ ಹುಟ್ಟಿದ ಹೆಣ್ಣೇ. ಕಾನೂನು ಓದಲು ಹೊರಟ ದಿನ ಮಂಗಳವಾರವಾಯಿತೆಂದು ನನ್ನ ಅವ್ವ ಟ್ರಂಕನ್ನು ಬಾಗಿಲಿಂದ ಒಳಗೆ ಎಳೆದಿಟ್ಟು ಬುಧವಾರ ಕಳಿಸಿದವಳು. ಮಂಗಳವಾರ, ಶುಕ್ರವಾರ ಮನೆಯ ಹೆಣ್ಣುಮಗಳನ್ನು ಕಳಿಸಿದರೆ ಲಕ್ಷ್ಮಿಯನ್ನೇ ಕಳಿಸಿದಂತೆ ಎನ್ನುವವರು ನಮ್ಮ ಸೀಮೆಯ ತುಂಬ ಇದ್ದಾರೆ. ಬೆಂಗಳೂರಿನ ನಮೂನೆ ಬರೆದವರಿಗೆ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ವಕೀಲರಿಬ್ಬರಿಗೂ ಗೊತ್ತಿತ್ತು. ಆದರೆ ಕಾಗದ ಬರೆಯಲು ಕೂತಾಗ ನಮ್ಮ ಜನ ಮನೆಯ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ.

"ಅನುಷಾ, ನಿನ್ನ ಅಜ್ಜೀರನ್ನ ಕೋರ್ಟಿಗೆ ಕರೆಸಿದ್ರೆ ಹೆದರ್ಕೋಬೇಡ. ಯಾರೂ ಬೈಯಲ್ಲ" ಎಂದೆ. ಅವಳು ತಟ್ಟನೆ ತಲೆ ಎತ್ತಿ ನನ್ನನ್ನೇ ನೋಡಿದಳು. ನಾನು ಸರಿಯಾದ ಬಾಗಿಲನ್ನೇ ತಟ್ಟಿದ್ದೆ.

ಅಜ್ಜಿಯರಿಬ್ಬರೂ ಬಂದರು. ಗೋವಿನಕೋವಿಯ ಗಂಗಮ್ಮ ಸಣಕಲು ಮೈ, ಚುರುಕು ಕಣ್ಣು. ಹೊನ್ನಾಳಿಯ ಕೊಟ್ರಮ್ಮ ದಪ್ಪ ದೇಹ, ದೊಡ್ಡ ದನಿ. ಮೂರು ವರ್ಷದಿಂದ ಮಾತು ಬಿಟ್ಟ ಬೀಗಿತ್ತಿಯರು. ಒಬ್ಬರ ಮುಖ ಕಿಟಕಿಗೆ, ಒಬ್ಬರದು ಗೋಡೆಗೆ. ಗಂಡ, ಹೆಂಡತಿ, ಇಬ್ಬರು ವಕೀಲರು, ಮಕ್ಕಳು, ಎಲ್ಲರೂ ಅದೇ ಕೋಣೆಯಲ್ಲಿ ಇಕ್ಕಟ್ಟಾಗಿ ಕೂತಿದ್ದರು. ನಾನು ನೇರವಾಗಿ ಗಂಗಮ್ಮನನ್ನು ಕೇಳಿದೆ: "ಅಜ್ಜಿ, ನಿಜ ಹೇಳ್ರಿ. ಶುಕ್ರವಾರ ಅನುಷಾಗೆ ಜ್ವರ ಬರ್ತಿತ್ತಾ?"

ಗಂಗಮ್ಮ ಮಗಳ ಮುಖ ನೋಡಿದರು. ಸವಿತಾ ಸೀರೆಯ ಸೆರಗು ತಿರುಚುತ್ತಿದ್ದಳು. ಅಜ್ಜಿಗೆ ಸಾಕಾಯಿತೇನೋ.

"ಜ್ವರ ಎಲ್ಲಿಂದ ಬರ್ತೈತ್ರಿ ಮೇಡಂ? ಗುಂಡುಕಲ್ಲಿನಂಗೆ ಐತೆ ಹುಡುಗಿ. ಶುಕ್ರವಾರದ ದಿನ ಮನೆ ಹೆಣ್ಣುಮಗಳ ಕೈಯಾಗೆ ಬಟ್ಟೆ ಬ್ಯಾಗು ಕೊಟ್ಟು ಹೊಸ್ತಿಲು ದಾಟಿಸಾಕೆ ಆಗ್ತೈತೇನ್ರಿ? ಲಕ್ಷ್ಮೀನ ಹೊರಗೆ ಹಾಕಿದಂಗಾಗಲ್ವಾ? ಸ್ಕೂಲಿಗೆ ಕಳಿಸಿದ್ರೆ ಅಲ್ಲಿಂದ್ಲೇ ಕರ್ಕಂಡು ಹೋಗ್ತಾರೆ ಅಂತ ಸ್ಕೂಲಿಗೂ ಕಳಿಸ್ಲಿಲ್ಲ. ಕೋರ್ಟಿಗೆ ಹಿಂಗೆಲ್ಲ ಹೇಳಾಕೆ ಆಗಲ್ಲ, ನಗ್ತಾರೆ ಅಂತ ನಮ್ಮ ಸವಿತಾನೇ ಜ್ವರ ಅಂತ ಹೇಳಿದ್ಲು."

ಮಂಜುನಾಥನ ಮುಖ ಕೆಂಪಾಗತೊಡಗಿತು. ಈಗ ಸಿಕ್ಕಿಬಿದ್ದಳು ಎನ್ನುವ ಸಂತೋಷದ ಕೆಂಪಲ್ಲ. ಅವನಿಗೆ ಮುಂದೆ ಏನು ಬರುತ್ತದೆ ಎಂದು ಗೊತ್ತಿತ್ತು. ಗೋಡೆಗೆ ಮುಖ ಮಾಡಿದ್ದ ಕೊಟ್ರಮ್ಮ ಕುರ್ಚಿಯ ಸಮೇತ ಇತ್ತ ತಿರುಗಿದರು.

"ಅದೇನೋ ನಿಜ ಕಣ್ರಿ. ಯಾರು ಕಳಿಸ್ತಾರೆ ಶುಕ್ರವಾರ? ನಾನೂ ಕಳಿಸಿಲ್ಲ!"

"ಅವ್ವಾ, ನೀನು ಸುಮ್ನಿರು" ಎಂದ ಮಂಜುನಾಥ.

"ಯಾಕ್ ಸುಮ್ನಿರ್ಲಿ? ಟ್ಯೂಷನ್ ಅಂತ ಸುಳ್ಳು ಹೇಳಿದ್ದು ನೀನು. ನಾನು ಹೇಳು ಅಂದಿದ್ನಾ?" ಎಂದು ಮಗನ ಬಾಯಿ ಮುಚ್ಚಿಸಿ, ಕೊಟ್ರಮ್ಮ ಮೂರು ವರ್ಷದಲ್ಲಿ ಮೊದಲ ಸಲ ಬೀಗಿತ್ತಿಯ ಕಡೆ ನೋಡಿದರು. "ಗಂಗಕ್ಕ, ನೀನು ತಡದಿದ್ದು ಇದಕ್ಕಾ? ನಮ್ಮ ಮೇಲಿನ ಸಿಟ್ಟಿಗೆ ಅಂದ್ಕಂಡಿದ್ನಲ್ಲೇ."

"ಸಿಟ್ಟೂ ಐತೆ" ಎಂದರು ಗಂಗಮ್ಮ, ಮುಖ ಸಡಿಲಿಸದೆ. "ಅದು ಬೇರೆ, ಇದು ಬೇರೆ."

ಚನ್ನಗಿರಿಯ ವಕೀಲರು ಫಕ್ಕನೆ ನಕ್ಕರು. ನಾನೂ ತಡೆಯಲಾರದೆ ನಕ್ಕೆ. ನಗದಿದ್ದವರು ಇಬ್ಬರೇ, ಸವಿತಾ ಮತ್ತು ಮಂಜುನಾಥ. ಇಬ್ಬರಿಗೂ ತಮ್ಮ ತಮ್ಮ ತಾಯಿಯ ನಂಬಿಕೆ ಗೊತ್ತಿತ್ತು. ಓದಿದವರು, ಕೋರ್ಟಿನ ಮುಂದೆ ಹಳ್ಳಿಯವರ ಹಾಗೆ ಕಾಣಬಾರದು ಎಂದು ಅದನ್ನು ಮುಚ್ಚಿಟ್ಟು ಒಬ್ಬರು ಜ್ವರ ಹೇಳಿದರು, ಒಬ್ಬರು ಟ್ಯೂಷನ್ ಹೇಳಿದರು. ನಮ್ಮ ಮನೆಯಲ್ಲಿರುವುದೇ ಆ ಮನೆಯಲ್ಲೂ ಇರಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ. ನಮ್ಮದು ನಂಬಿಕೆ, ಅವರದು ನೆಪ, ಹೀಗೆಂದುಕೊಂಡೇ ಅರ್ಜಿ ಹಾಕಿದ್ದರು. ಹದಿನೈದು ವರ್ಷ ಒಂದೇ ಮನೆಯಲ್ಲಿ ಬಾಳಿದವರು!

ನನಗೆ ಕೆಲಸ ಮುಗಿದಂತೆಯೇ ಅನಿಸಿತು. ಶುಕ್ರವಾರ ತೆಗೆದು ಶನಿವಾರ ಎಂದು ಬರೆಯೋಣವೇ ಎಂದೆ. ಅಜ್ಜಿಯರು ಶನಿವಾರ ಆಗಬಹುದು ಎಂದರು. ವಕೀಲರು ಪೆನ್ನು ತೆಗೆದರು. ಆಗ, ಅಲ್ಲಿಯವರೆಗೆ ಒಂದೂ ಮಾತಾಡದಿದ್ದ ಅನುಷಾ ಎದ್ದು ನಿಂತಳು.

"ಶನಿವಾರ ಬೇಡ ಮೇಡಂ. ನಂಗೆ ಇದೆಲ್ಲ ಸಾಕಾಗೈತೆ."

ಮಂಜುನಾಥ ತಕ್ಷಣ ಹಿಡಿದುಕೊಂಡ. "ನೋಡ್ರಿ, ಮಗು ಬಾಯಿಂದ್ಲೇ ಬಂತು. ಅದಕ್ಕೇ ನಾವು ಹೇಳಿದ್ದು. ಅವಳು ಅವ್ರಮ್ಮನ ಹತ್ರ ಇರ್ಲಿ, ಇವ್ನು ನನ್ನ ಹತ್ರ ಇರ್ಲಿ. ಓಡಾಟನೇ ಬೇಡ." ಸವಿತಾ ಕೂಡ ತಲೆಯಾಡಿಸಿದಳು. ಚೇತನ್ ತನ್ನ ನೀಲಿ ಬ್ಯಾಗನ್ನು ಎದೆಗೆ ಅವುಚಿಕೊಂಡ. ಅವನ ಕಣ್ಣು ತುಂಬಿಕೊಂಡದ್ದು ನನಗೆ ಕಾಣಿಸಿತು. ಕೈಗೆ ಬಂದದ್ದು ಜಾರಿಹೋಗುತ್ತಿತ್ತು.

"ಓಡಾಡಾಕೆ ಬೇಜಾರಿಲ್ಲ ಅಪ್ಪಾಜಿ" ಎಂದಳು ಅನುಷಾ. "ಬ್ಯಾಗು ಹೊರಾಕೆ ಬೇಜಾರು."

ಯಾರಿಗೂ ಅರ್ಥವಾಗಲಿಲ್ಲ. ಕೂತುಕೊಂಡು ಬಿಡಿಸಿ ಹೇಳಮ್ಮಾ ಎಂದೆ. ಅವಳು ಕೂರಲಿಲ್ಲ, ನಿಂತೇ ಹೇಳಿದಳು.

"ಚಿಕ್ಕೋಳಿದ್ದಾಗ್ಲಿಂದ ನಾನು ಶುಕ್ರವಾರ ಸ್ಕೂಲಿಗೆ ಹೋಗಿದೀನಿ. ಆವಾಗ ಯಾವ ಅಜ್ಜೀನೂ ತಡದಿಲ್ಲ. ಬ್ಯಾಗು ನೋಡಿದ್ರೆ ತಡೀತಾರೆ. ಶನಿವಾರ ಹೊರಟ್ರೆ ಹಣೆಗೆ ಕುಂಕುಮ ಇಟ್ಟು, ಕೈಗೆ ಎಲೆ ಅಡಿಕೆ ಕೊಟ್ಟು, ಬಾಗಿಲ ತನಕ ಬಂದು ಕಣ್ಣೀರು ಹಾಕ್ತಾರೆ. ಮದುವೆ ಆದ ಮಗಳನ್ನ ಕಳಿಸಿದಂಗೆ. ಎರಡೂ ಮನೇಲಿ. ಆ ಮನೆಗೆ ಹೋದ್ರೆ, ಬಂದ್ಯಾ, ಎಷ್ಟು ದಿನ ಇರ್ತೀಯಾ ಅಂತ ಓಣಿಯೋರು ಕೇಳ್ತಾರೆ. ಇಲ್ಲಿಗೆ ಬಂದ್ರೆ ಇಲ್ಲೂ ಕೇಳ್ತಾರೆ. ನಮಗೆ ಎರಡು ಮನೆ ಐತೆ ಅಂತ ಜಡ್ಜ್ ಹೇಳಿದ್ರು. ಆದ್ರೆ ಎರಡೂ ಕಡೆ ನಾವು ನೆಂಟ್ರು ಆಗಿಬಿಟ್ಟಿದೀವಿ. ಬಟ್ಟೆ ಎಲ್ಲಿರ್ತಾವೋ ಅದೇ ಅಲ್ವಾ ಮೇಡಂ ಮನೆ? ನಮ್ಮ ಬಟ್ಟೆ ಬ್ಯಾಗಲ್ಲೈತೆ."

ಸವಿತಾ ಮೊದಲು ಅತ್ತಳು. ಸದ್ದಿಲ್ಲದೆ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು. ಮಂಜುನಾಥ ಎದ್ದು ಹೋಗಿ ಮೂಲೆಯಲ್ಲಿದ್ದ ಕುಡಿಯುವ ನೀರಿನ ಕ್ಯಾನಿನಿಂದ ಒಂದು ಲೋಟ ಹಿಡಿದು ತಂದು ಅವಳ ಮುಂದಿಟ್ಟ. ನಂತರ ತನಗೇ ಮುಜುಗರವಾದಂತೆ ಕಿಟಕಿಯ ಹತ್ತಿರ ಹೋಗಿ ನಿಂತ. ಹೆತ್ತವರು ಕೆಟ್ಟವರಾಗಿರಲಿಲ್ಲ. ತಮ್ಮ ಗಾಯ ನೋಡಿಕೊಳ್ಳುವುದರಲ್ಲಿ ಮಕ್ಕಳ ಹೆಗಲ ಮೇಲೆ ಏನಿದೆ ಎಂದು ನೋಡಿರಲಿಲ್ಲ, ಅಷ್ಟೇ.

ನಾನು ಅಜ್ಜಿಯರ ಕಡೆ ತಿರುಗಿದೆ. "ಬ್ಯಾಗೇ ಇಲ್ಲ ಅಂತಿಟ್ಕೊಳ್ರಿ. ಹುಡುಗಿ ಶುಕ್ರವಾರ ಬೆಳಿಗ್ಗೆ ಪುಸ್ತಕದ ಚೀಲ ಹಾಕ್ಕಂಡು ಸ್ಕೂಲಿಗೆ ಹೋಗ್ತಾಳೆ. ಸಂಜೆ ಆ ಮನೆಗೆ ಹೋಗ್ತಾಳೆ. ಆಗ ತಡೀತೀರಾ?"

ಗಂಗಮ್ಮನೇ ಮೊದಲು ಹೇಳಿದರು: "ಸ್ಕೂಲಿಗೆ ಹೋದ ಮಗು ಸಂಜೆ ಮನೆಗೆ ಹೋತು. ಅದ್ರಾಗೆ ಕಳಿಸೋದು ಎಲ್ಲಿ ಬಂತು?"

"ಕುಂಕುಮನೂ ಬೇಡ ಹಂಗಾದ್ರೆ" ಎಂದರು ಕೊಟ್ರಮ್ಮ, ಮೂಗು ಒರೆಸಿಕೊಳ್ಳುತ್ತ. "ಹೋಗೋರಿಗೆ ಇಡೋದು ಅದು. ಇವಳು ಎಲ್ಲಿಗೂ ಹೋಗ್ತಿಲ್ವಲ್ಲ."

ಒಪ್ಪಂದ ಬರೆಯಲು ಮತ್ತೆ ಕೂತೆವು. ಈ ಸಲ ಬೆಂಗಳೂರಿನ ನಮೂನೆಯನ್ನು ಪಕ್ಕಕ್ಕಿಟ್ಟು ನಾನೇ ಬರೆದೆ. ಮನೆ ಬದಲಾಗುವ ದಿನ ಮಾತ್ರ ಶುಕ್ರವಾರವೇ ಉಳಿಯಿತು. ಮಕ್ಕಳ ಬಟ್ಟೆ, ಹೊದಿಕೆ, ಚಪ್ಪಲಿ, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು, ಶಾಲೆಯ ಯೂನಿಫಾರಂ ಎರಡೂ ಮನೆಯಲ್ಲಿ ಬೇರೆ ಬೇರೆಯಾಗಿ ಇರತಕ್ಕದ್ದು. ಮನೆ ಬದಲಿಸುವಾಗ ಮಕ್ಕಳು ಶಾಲೆಯ ಚೀಲವನ್ನಲ್ಲದೆ ಬೇರೆ ಯಾವ ಚೀಲವನ್ನೂ ಹೊರತಕ್ಕದ್ದಲ್ಲ. ಅಕ್ಕ ತಮ್ಮ ಯಾವ ಕಾರಣಕ್ಕೂ ಬೇರೆ ಬೇರೆ ದಿನ ಮನೆ ಬದಲಿಸತಕ್ಕದ್ದಲ್ಲ. ಒಬ್ಬರು ನಿಂತರೆ ಇಬ್ಬರೂ ನಿಲ್ಲತಕ್ಕದ್ದು. ತಡವಾದರೆ ನಿಜವಾದ ಕಾರಣವನ್ನೇ ಹೇಳತಕ್ಕದ್ದು. ಈ ಕೊನೆಯ ಸಾಲನ್ನು ಬರೆಯುವಾಗ ಸವಿತಾ, ಮಂಜುನಾಥ ಇಬ್ಬರನ್ನೂ ದಿಟ್ಟಿಸಿ ನೋಡಿಯೇ ಬರೆದೆ. ಹೆಣ್ಣು ಇತ್ತ, ಗಂಡು ಅತ್ತ ಎಂದು ಬರೆದು ತಂದಿದ್ದ ಕಾಗದವನ್ನು ಚನ್ನಗಿರಿಯ ವಕೀಲರು ತಾವೇ ಹರಿದು ಬುಟ್ಟಿಗೆ ಹಾಕಿದರು.

ನ್ಯಾಯಾಧೀಶರು ಓದುತ್ತ ಓದುತ್ತ ಚೀಲದ ಷರತ್ತಿನ ಹತ್ತಿರ ನಿಂತರು. "ಮೇಡಂ, ಬ್ರಷ್ಷು ಬಾಚಣಿಗೆಯನ್ನೆಲ್ಲ ನ್ಯಾಯಾಲಯದ ಆದೇಶದಲ್ಲಿ ಬರೀಬೇಕಾ?" ಎಂದರು.

"ಬರೀಲೇಬೇಕು ಸರ್. ಈ ಕೇಸಿನಲ್ಲಿ ಮುಖ್ಯವಾದದ್ದು ಅದೇ" ಎಂದೆ. ಕಾರಣ ಹೇಳಿದ ಮೇಲೆ ಅವರು ಒಂದಕ್ಷರವನ್ನೂ ತೆಗೆಯಲಿಲ್ಲ.

ಎಲ್ಲವೂ ಮಾರನೆಯ ದಿನವೇ ಸರಿಹೋಯಿತು ಎಂದರೆ ನೀವು ನಂಬಬೇಡಿ. ಮಂಜುನಾಥ ಮಗಳಿಗೆಂದು ಅಂಗಡಿಯವನು ಹೇಳಿದ ಅಳತೆಯಲ್ಲಿ ಬಟ್ಟೆ ತಂದ. ಒಂದೂ ಅವಳಿಗೆ ಆಗಲಿಲ್ಲ. ಕೊನೆಗೆ ಮಾನ ಬಿಟ್ಟು ಸವಿತಾಳಿಗೇ ಫೋನು ಮಾಡಿ ಅಳತೆ ಕೇಳಿದನಂತೆ. ಚೇತನ್‌ನ ಜಾಮೆಟ್ರಿ ಬಾಕ್ಸು ಯಾವಾಗಲೂ ಅವನಿಲ್ಲದ ಮನೆಯಲ್ಲೇ ಇರುತ್ತಿತ್ತು. ಒಂದು ತಿಂಗಳು ಅವನು ಖಾಲಿ ಬ್ಯಾಗನ್ನೂ ಹೆಗಲಿಗೇರಿಸಿಕೊಂಡು ಓಡಾಡಿದ. ಅದು ಬೆನ್ನಿಗಿಲ್ಲದಿದ್ದರೆ ಅವನಿಗೆ ಏನೋ ಕಳೆದುಹೋದಂತೆ. ಕೊಟ್ರಮ್ಮ ಮಕ್ಕಳ ಕೋಣೆಯಲ್ಲಿ ಎರಡು ಗೂಟ ಹೊಡೆಸಿದರು. ಅದನ್ನು ಮೊಮ್ಮಗಳ ಬಾಯಲ್ಲಿ ಕೇಳಿದ ಗಂಗಮ್ಮ ಮೂರು ಗೂಟ ಹೊಡೆಸಿದರು. ಸಿಟ್ಟೂ ಐತೆ ಎಂದಿದ್ದರಲ್ಲ, ಅದು ಹೀಗೆ ಒಳ್ಳೆಯ ಕೆಲಸಕ್ಕೆ ಬಂತು. ಪರಿಶೀಲನೆಗೆಂದು ಕರೆಸಿದ ದಿನ ಚೇತನ್ ಕೈಬೀಸಿಕೊಂಡು ಬಂದಿದ್ದ. ಬ್ಯಾಗೆಲ್ಲಪ್ಪಾ ಎಂದರೆ, "ಅಜ್ಜಿ ಅದ್ರಲ್ಲಿ ಈರುಳ್ಳಿ ತುಂಬ್ಯಾರೆ ಮೇಡಂ" ಎಂದ. ಯಾವ ಅಜ್ಜಿ ಎಂದು ನಾನು ಕೇಳಲಿಲ್ಲ. ಅನುಷಾ ಆಮೇಲೆ ಒಂದು ಶುಕ್ರವಾರವೂ ಶಾಲೆ ತಪ್ಪಿಸಲಿಲ್ಲ.

ಅಲ್ಲಿಂದೀಚೆಗೆ ಜಂಟಿ ಪಾಲನೆಯ ಇನ್ನೂ ಕೆಲವು ಕೇಸುಗಳು ನನ್ನ ಬಳಿಗೆ ಬಂದಿವೆ. ಗಂಡ ಹೆಂಡತಿ ವಾರ, ದಿನ, ರಜೆ, ಹಬ್ಬ ಎಂದು ಹಂಚಿಕೊಳ್ಳಲು ಶುರು ಮಾಡುತ್ತಾರೆ. ನಾನು ಅದನ್ನೆಲ್ಲ ಪಕ್ಕಕ್ಕಿಟ್ಟು ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಮಕ್ಕಳ ಬಟ್ಟೆ ಯಾವ ಗೂಟಕ್ಕೆ ನೇತುಹಾಕುತ್ತೀರಿ? ಎರಡೂ ಕಡೆ ಗೂಟವಿದ್ದರೆ ಉಳಿದದ್ದನ್ನು ಬರೆಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಇನ್ನೊಂದು ಕೆಲಸವನ್ನೂ ಬಿಡದೆ ಮಾಡುತ್ತೇನೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಮೊದಲ ದಿನವೇ ಕರೆಸುತ್ತೇನೆ. ಕಾನೂನಿನಲ್ಲಿ ಅವರಿಗೆ ಜಾಗವಿಲ್ಲದಿರಬಹುದು. ಹೊಸ್ತಿಲು ಮಾತ್ರ ಅವರ ಕೈಯಲ್ಲೇ ಇರುತ್ತದೆ.

ಈ ಲೇಖನ ಬರೆಯಲು ಒಪ್ಪಿಗೆ ಕೇಳೋಣವೆಂದು ಮೊನ್ನೆ ಅನುಷಾಗೆ ಫೋನು ಮಾಡಿದ್ದೆ. ಈಗ ಕಾಲೇಜು ಓದುವ ಹುಡುಗಿ, ದನಿಯೇ ಬದಲಾಗಿದೆ. ಹಿಂದಿನಿಂದ ಮಿಕ್ಸಿಯ ಸದ್ದು, ಚೇತನ್ ಯಾರ ಮೇಲೋ ಕೂಗಾಡುವ ಸದ್ದು ಕೇಳಿಸುತ್ತಿತ್ತು.

"ಎಲ್ಲಿದೀಯಮ್ಮಾ?" ಎಂದೆ.

"ಮನೇಲಿದೀನಿ ಮೇಡಂ."

"ಯಾವ ಮನೇಲಿ?"

ನಾನು ಕೇಳಿದ್ದು ಅವಳಿಗೆ ಅರ್ಥವಾಗಲಿಲ್ಲವೇನೋ.

"ಮನೇಲೇ ಮೇಡಂ" ಎಂದಳು. "ಯಾಕೆ?"